ಸೊನ್ನೆ ರೂಪಾಯಿಯ ವೋಚರು

2025ರ ದೀಪಾವಳಿಗೆ ಇನ್ನೊಂದು ವಾರ ಇದೆ ಅನ್ನುವಾಗ ಹಿಮಾಯತ್‌ನಗರದ ನಮ್ಮ ಫ್ಲಾಟಿನ ಅಟ್ಟ ಖಾಲಿ ಮಾಡಲು ಏಣಿ ಹತ್ತಿದೆ. ಅಲ್ಲಿ ಏನಿತ್ತು ಅಂತ ಕೇಳಬೇಡಿ, ಏನಿರಲಿಲ್ಲ ಅಂತ ಕೇಳಿ. ಟೆಲಿಫೋನ್ ತಂತಿಗೆ ಸಿಕ್ಕಿಸಿದರೆ ಕಿರ್ರೆಂದು ಕೂಗುತ್ತಿದ್ದ ಮೋಡೆಮ್, ಸತ್ತ ಕೀಲಿಮಣೆ ಎರಡು, ಗುಂಡಿ ಫೋನು ಮೂರು, ಯಾವ ಯಂತ್ರದ್ದೆಂದು ದೇವರಿಗೇ ಗೊತ್ತಿರಬೇಕಾದ ಚಾರ್ಜರುಗಳ ಒಂದು ಗಂಟು. ಹೊಸ ಯಂತ್ರ ಬಂತೆಂದರೆ ಕೊಳ್ಳದೆ ಇರಲಾರೆ, ಹಳೆಯದನ್ನು ಎಸೆಯಲಾರೆ. ಇದು ನನ್ನ ಮೂವತ್ತು ವರ್ಷದ ಕಾಯಿಲೆ. "ಇಷ್ಟು ದಿನ ಇಟ್ಕೊಂಡು ಏನು ಮಾಡಿದ್ರಿ?" ಅಂತ ಕೆಳಗೆ ಏಣಿ ಹಿಡಿದುಕೊಂಡು ನಿಂತ ಹೆಂಡತಿ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎಲ್ಲಕ್ಕಿಂತ ಅಡಿಯಲ್ಲಿ ಜಿಪ್ಪಿನ ಒಂದು ಚೀಲ ಸಿಕ್ಕಿತು. ಒಳಗೆ ಇಪ್ಪತ್ತಕ್ಕೂ ಹೆಚ್ಚು ಸೀಡಿ. ಒಂದೊಂದರ ಮೇಲೂ ಮಾರ್ಕರ್ ಪೆನ್ನಿನಲ್ಲಿ ಬರೆದ ಹೆಸರು: ವಿಂಡೋಸ್ 98, ಆಫೀಸ್, ಟೈಪಿಂಗ್ ಕಲಿಸುವ ಒಂದು ಪ್ರೋಗ್ರಾಂ, 'ಕನ್ನಡ ಹಳೇ ಹಾಡು 150'. ಅಚ್ಚಾದ ಲೇಬಲ್ ಇದ್ದದ್ದು ಒಂದೂ ಇಲ್ಲ. ಅಂದರೆ ಒಂದಕ್ಕೂ ನಾನು ದುಡ್ಡು ಕೊಟ್ಟಿಲ್ಲ. ಕೊಟ್ಟಿದ್ದರೆ ಖಾಲಿ ಸೀಡಿಯ ಬೆಲೆ ಮಾತ್ರ. ಚೀಲದ ಜೇಬಿನಲ್ಲಿ ಒಂದು ಫ್ಲಾಪಿಯೂ ಇತ್ತು. ಅದರ ಮೇಲೆ ನನ್ನದೇ ಅಕ್ಷರ: 'ವಿಚಾರಣೆ ವರದಿ, 2002'. ಏಣಿಯ ಮೇಲೆಯೇ ಸ್ವಲ್ಪ ಹೊತ್ತು ಕೂತುಬಿಟ್ಟೆ. ಆ ಸೀಡಿಗಳಿಗೂ ಈ ಫ್ಲಾಪಿಗೂ ಏನು ಸಂಬಂಧ ಅಂತ ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಊರು ರಾಯಚೂರು. ಎಂ.ಕಾಂ. ಮುಗಿಸಿ 1983ರಲ್ಲಿ ಅಲ್ಲೇ ಬ್ಯಾಂಕ್ ಸೇರಿದೆ. ಬ್ಯಾಂಕುಗಳಲ್ಲಿ ಯಂತ್ರ ತರುವ ಬಗ್ಗೆ ಆಡಳಿತದವರಿಗೂ ಯೂನಿಯನ್ನುಗಳಿಗೂ ಮೊದಲ ಒಪ್ಪಂದ ಆದದ್ದೂ ಅದೇ ವರ್ಷ. ಕಂಪ್ಯೂಟರ್ ಬಂದರೆ ಕೆಲಸ ಹೋಗುತ್ತದೆ ಅಂತ ಊಟದ ಬಿಡುವಿನಲ್ಲಿ ಗೇಟಿನ ಮುಂದೆ ನಿಂತು ಕೂಗಿದವರಲ್ಲಿ ನಾನೂ ಒಬ್ಬ. ಕೆಲವು ವರ್ಷಕ್ಕೆ ಲೆಡ್ಜರ್ ಪೋಸ್ಟ್ ಮಾಡುವ ಯಂತ್ರ ನಮ್ಮ ಶಾಖೆಗೂ ಬಂತು. ಅರ್ಧ ವರ್ಷದ ಬಡ್ಡಿ ಹಾಕಲು ರಾತ್ರಿಯೆಲ್ಲ ಕೂತು ಲೆಕ್ಕ ತೆಗೆಯುತ್ತಿದ್ದ ನಮಗೆ ಅದು ನಿಮಿಷಗಳಲ್ಲಿ ಮುಗಿಸಿ ತೋರಿಸಿತು. ಅವತ್ತೇ ನಾನು ಪಕ್ಷ ಬದಲಾಯಿಸಿದೆ ಅನ್ನಿ. 1996ರಲ್ಲಿ ಹೈದರಾಬಾದಿಗೆ ವರ್ಗವಾಯಿತು. 2019ರಲ್ಲಿ ನಿವೃತ್ತನಾದ ಮೇಲೂ ಇಲ್ಲೇ ಉಳಿದೆ. ಮಗಳ ನೌಕರಿ ಗಚ್ಚಿಬೌಲಿಯಲ್ಲಿ.

ರಾಯಚೂರಿನವರಿಗೆ ಹೈದರಾಬಾದು ತೀರಾ ಪರದೇಶವೇನಲ್ಲ. 1956ರ ತನಕ ಎರಡೂ ಒಂದೇ ರಾಜ್ಯದಲ್ಲಿದ್ದವು. ಇಲ್ಲಿಯ ಉರ್ದು ನಮ್ಮ ಬಾಯಲ್ಲೂ ಇದೆ, ತೆಲುಗು ಬೋರ್ಡು ಕೂಡಿಸಿಕೊಂಡು ಓದಲು ಬರುತ್ತದೆ. ಆದರೂ ಲಿಬರ್ಟಿ ವೃತ್ತದಿಂದ ನಾರಾಯಣಗುಡಾ ತನಕ ನಡೆದರೆ ಒಂದು ಕನ್ನಡ ಅಕ್ಷರ ಕಣ್ಣಿಗೆ ಬೀಳುವುದಿಲ್ಲ. ಕನ್ನಡ ಬೇಕು ಅನಿಸಿದರೆ ಕಾಚಿಗುಡಾದ ಕರ್ನಾಟಕ ಸಾಹಿತ್ಯ ಮಂದಿರದ ದಾರಿ ಹಿಡಿಯಬೇಕು. ಇಂಥವನಿಗೆ ಮನೆಯೊಳಗೇ ಕನ್ನಡ ಮೂಡಿಸುವ ಯಂತ್ರ ಸಿಗುತ್ತದೆ ಅಂದರೆ ಹೇಗಾಗಬೇಡ!

2000ದಲ್ಲಿ ಸಿಕಂದರಾಬಾದಿನ ಒಂದು ಅಂಗಡಿಯಲ್ಲಿ ಬಿಡಿಭಾಗ ಜೋಡಿಸಿ ಕಂಪ್ಯೂಟರ್ ಮಾಡಿಸಿದೆ. ಬಿಲ್ಲಿನಲ್ಲಿ ಮಾನಿಟರ್, ಹಾರ್ಡ್ ಡಿಸ್ಕ್, ಮೌಸ್, ಪ್ರತಿಯೊಂದಕ್ಕೂ ಬೆಲೆ ಇತ್ತು. ಕೊನೆಯ ಸಾಲು: ಸಾಫ್ಟ್‌ವೇರ್, ಸೊನ್ನೆ. ಬ್ಯಾಂಕಿನವನಲ್ಲವೇ, "ಇದಕ್ಕೆ ಲೈಸೆನ್ಸು?" ಅಂತ ಕೇಳಿದೆ. ಅಸಲಿ ಬೇಕಾದರೆ ಇನ್ನೂ ಕೆಲವು ಸಾವಿರ ಆಗುತ್ತದೆ ಅಂತ ಹೇಳಿದ ಅಂಗಡಿಯ ಹುಡುಗ ನಕ್ಕು, "ಅಂದರೂ ಇದೇ ವಾಡತಾರು ಸಾರ್" ಅಂದ. ಎಲ್ಲರೂ ಬಳಸೋದು ಇದನ್ನೇ ಸಾರ್. ನಾನು ಮುಂದೆ ಕೇಳಲಿಲ್ಲ. ಬೇಕಾದ ಉತ್ತರ ಸಿಕ್ಕ ಮೇಲೆ ಯಾರು ತಾನೇ ಕೇಳುತ್ತಾರೆ?

ಆ ಕಂಪ್ಯೂಟರಿಗೆ ನಾನೇ ಕೈಯಾರೆ ಹಾಕಿಕೊಂಡ ಮೊದಲ ತಂತ್ರಾಂಶ 'ಬರಹ'. ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದು ಆಗ ಕನ್ನಡಿಗರಿಗೆಲ್ಲ ಉಚಿತವಾಗಿ ಕೊಟ್ಟದ್ದು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಅದರ ಕೀಲಿಮಣೆ ವಿನ್ಯಾಸದ ಹಿಂದಿದ್ದವರು ಕೆ.ಪಿ. ರಾವ್. ಅವರೂ ಅದನ್ನು ಕಾಸಿಗೆ ಮಾರಲಿಲ್ಲ, ನಾಡಿಗೆ ಬಿಟ್ಟುಕೊಟ್ಟರು. ಮೊದಲ ವಾರವೇ ರಾಯಚೂರಿನಲ್ಲಿದ್ದ ಅವ್ವನಿಗೆ ಒಂದು ಪುಟದ ಕಾಗದ ಟೈಪು ಮಾಡಿ, ಪ್ರಿಂಟ್ ತೆಗೆದು ಅಂಚೆಗೆ ಹಾಕಿದೆ. ಅವ್ವನಿಗೆ ಓದು ಬಾರದು, ಅಪ್ಪ ಓದಿ ಹೇಳಿದರಂತೆ. ಆಕೆ ಅಕ್ಷರದ ಮೇಲೆ ಕೈಯಾಡಿಸಿ, "ಪುಸ್ತಕದಾಗ ಬಂದಂಗ ಬರ್ದಾನ ನೋಡ್ರಿ" ಅಂದಳಂತೆ. ಆ ಕಾಗದಕ್ಕೆ ನನಗೆ ತಗಲಿದ್ದು ಅಂಚೆಯ ಖರ್ಚಷ್ಟೇ.

ಹೀಗೆ ಒಂದೇ ಯಂತ್ರದೊಳಗೆ ಎರಡು ಸೊನ್ನೆಗಳು ಅಕ್ಕಪಕ್ಕ ಕೂತಿದ್ದವು. ಒಂದು ಯಾರೋ ಕೊಟ್ಟದ್ದು, ಇನ್ನೊಂದು ನಾನು ತೆಗೆದುಕೊಂಡದ್ದು. ಅವತ್ತು ನನಗೆ ವ್ಯತ್ಯಾಸ ಕಾಣಲಿಲ್ಲ. ವೋಚರಿನ ಮೇಲೆ ಎರಡೂ ಒಂದೇ ತರ ಕಾಣುತ್ತವೆ.

ಇನ್ನು ಫ್ಲಾಪಿಯ ವಿಷಯ. 2002ರಲ್ಲಿ ಬೇರೊಂದು ಶಾಖೆಯ ಗುಮಾಸ್ತರೊಬ್ಬರ ಮೇಲೆ ದೂರು ಬಂದು, ವಿಚಾರಣೆ ಮಾಡುವ ಕೆಲಸ ನನ್ನ ಪಾಲಿಗೆ ಬಿತ್ತು. ರಜಾ ಪ್ರವಾಸದ ಭತ್ಯೆಗಾಗಿ, ಹೋಗದ ಊರಿಗೆ ಹೋಗಿದ್ದೆ ಅಂತ ಸುಳ್ಳು ಬಿಲ್ಲು ಕೊಟ್ಟಿದ್ದರು. ಮೊತ್ತ ಮೂರು ಸಾವಿರದ ಚಿಲ್ಲರೆ. ಮನುಷ್ಯ ಒಳ್ಳೆಯವರೇ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಕ್ಯಾಶು ಒಂದು ದಿನ ಹತ್ತು ರೂಪಾಯಿ ಹೆಚ್ಚುಕಡಿಮೆ ಬಂದಿರಲಿಲ್ಲ. ಯಾಕೆ ಹೀಗೆ ಮಾಡಿದಿರಿ ಅಂದರೆ, ತಲೆ ತಗ್ಗಿಸಿ ಒಂದೇ ಮಾತು ಹೇಳಿದರು: "ಅಂದರೂ ಚೇಸ್ತಾರು ಸಾರ್." ಎಲ್ಲರೂ ಮಾಡ್ತಾರೆ ಸಾರ್.

ವರದಿಯನ್ನು ಒಂದು ಭಾನುವಾರ ಮನೆಯ ಕಂಪ್ಯೂಟರಿನಲ್ಲೇ ಟೈಪು ಮಾಡಿದೆ. ಇತರರೂ ಹೀಗೆ ಮಾಡುತ್ತಾರೆ ಎಂಬುದು ತಪ್ಪಿಗೆ ಸಮರ್ಥನೆ ಆಗಲಾರದು ಎಂಬ ಅರ್ಥದ ವಾಕ್ಯವೊಂದನ್ನು ಇಂಗ್ಲಿಷಿನಲ್ಲಿ ಹಾಕಿ, ಚೆನ್ನಾಗಿ ಬಂತು ಅಂತ ಎರಡು ಸಲ ಓದಿಕೊಂಡದ್ದು ನೆನಪಿದೆ. ಕೆಳಗೆ ಕದ್ದ ವಿಂಡೋಸ್, ಅದರ ಮೇಲೆ ಕದ್ದ ಆಫೀಸ್, ಅದರ ಮೇಲೆ ಈ ವಾಕ್ಯ. ಅವರ ಎರಡು ಇನ್‌ಕ್ರಿಮೆಂಟು ಕಾಯಂ ಆಗಿ ನಿಂತವು. ಶಿಕ್ಷೆ ನಿರ್ಧರಿಸಿದವನು ನಾನಲ್ಲ, ಮೇಲಿನವರು. ಆದರೆ ವರದಿ ನನ್ನದು. ಕಾಯಂ ಅಂದರೆ ಏನು ಅಂತ ಬ್ಯಾಂಕಿನವರಿಗೆ ಗೊತ್ತು. ಆ ಕೊರತೆ ಪ್ರತಿ ತಿಂಗಳ ಸಂಬಳದಲ್ಲೂ ಬರುತ್ತದೆ, ನಿವೃತ್ತಿಯಾದ ಮೇಲೆ ಪಿಂಚಣಿಯಲ್ಲೂ ಬರುತ್ತದೆ.

ಅಟ್ಟದಿಂದ ಇಳಿದು ಬಂದು, ಕಾಫಿ ಮುಂದಿಟ್ಟುಕೊಂಡು, ನನ್ನ ಪರವಾಗಿ ನಾನೇ ವಕಾಲತ್ತು ಹಿಡಿದೆ. ಅವರ ತಪ್ಪೂ ನನ್ನ ತಪ್ಪೂ ಒಂದೇ ಏನು?

ಮೊದಲ ವಾದ: ಅವರು ಸುಳ್ಳಿಗೆ ಸಹಿ ಹಾಕಿದರು, ನಾನು ಹಾಕಲಿಲ್ಲ. ಇದು ಹೆಚ್ಚು ಹೊತ್ತು ನಿಲ್ಲಲಿಲ್ಲ. ಇಂಥ ತಂತ್ರಾಂಶ ಹಾಕುವಾಗ ಷರತ್ತುಗಳ ಉದ್ದನೆಯ ಪಟ್ಟಿ ತೋರಿಸಿ 'ಒಪ್ಪಿದ್ದೇನೆ' ಅಂತ ಒತ್ತಿಸಿಕೊಳ್ಳುತ್ತಾರೆ. ಅಂಗಡಿಯ ಹುಡುಗ ಅದನ್ನು ನನ್ನ ಪರವಾಗಿ ಒತ್ತಿದ್ದ. ಏಜೆಂಟ್ ಮಾಡಿದ್ದಕ್ಕೆ ಯಜಮಾನ ಹೊಣೆ ಅಂತ ನಾನು ಕಾಲೇಜಿನಲ್ಲೇ ಓದಿದ್ದೇನೆ.

ಎರಡನೆಯದು: ಕಂಪನಿ ಶ್ರೀಮಂತ, ನನ್ನ ಕೆಲವು ಸಾವಿರದಿಂದ ಅದಕ್ಕೇನೂ ಆಗದು. ಸರಿ, ಬ್ಯಾಂಕು ಬಡವೇ? ಮೂರು ಸಾವಿರದಿಂದ ಅದು ಮುಳುಗುತ್ತಿತ್ತೇ?

ಮೂರನೆಯದು ಗಟ್ಟಿ ವಾದ. ಅವರು ತೆಗೆದುಕೊಂಡ ಮೂರು ಸಾವಿರ ಬ್ಯಾಂಕಿನಲ್ಲಿ ಕಡಿಮೆಯಾಯಿತು. ನಾನು ಮಾಡಿಕೊಂಡದ್ದು ನಕಲು. ಅಸಲು ಇದ್ದಲ್ಲೇ ಇತ್ತು. ಸಾಫ್ಟ್‌ವೇರಿನ ಅರ್ಥಶಾಸ್ತ್ರವೇ ಹಾಗೆ: ಮೊದಲ ಪ್ರತಿಗೆ ಕೋಟಿಗಟ್ಟಲೆ ಖರ್ಚು, ಎರಡನೆಯ ಪ್ರತಿಗೆ ಹೆಚ್ಚುಕಡಿಮೆ ಏನೂ ಇಲ್ಲ. ಹಾಗಾದರೆ ಯಾರ ಗಂಟು ಹೋಯಿತು? ಇದನ್ನು ಬಹಳ ಹೊತ್ತು ಯೋಚಿಸಿದೆ. ಕೊನೆಗೆ ನೆನಪಾದದ್ದು ಹೈದರಾಬಾದಿನಿಂದ ರಾಯಚೂರಿಗೆ ಟಿಕೆಟಿಲ್ಲದೆ ಹೋಗುವವನು. ಅವನೂ ಇದೇ ಮಾತು ಹೇಳಬಹುದು: ರೈಲು ಹೇಗೂ ಹೊರಟಿತ್ತು, ಖಾಲಿ ಸೀಟಿನಲ್ಲಿ ಕೂತೆ, ಯಾರದ್ದೇನು ಹೋಯಿತು? ರೈಲು ಹೇಗೂ ಹೊರಟಿತ್ತು, ನಿಜ. ಆದರೆ ಅದು ಹೊರಟದ್ದು ಟಿಕೆಟ್ ಕೊಂಡವರು ಇದ್ದಾರೆ ಅಂತ. ಎಲ್ಲರೂ ಅವನ ಹಾಗೆ ಹತ್ತಿದ್ದರೆ ನಿಲ್ದಾಣದಲ್ಲಿ ರೈಲೇ ಇರುತ್ತಿರಲಿಲ್ಲ.

ಇನ್ನೊಂದು ಉಳಿಯಿತು. ಆ ಕಂಪ್ಯೂಟರಿನಿಂದ ಒಳ್ಳೆಯದೇ ಆಯಿತಲ್ಲ. ನನ್ನ ಮಗಳು ಕಲಿತದ್ದು ಅದರಲ್ಲೇ, ಹಾಗೆ ಕಲಿತ ಮಧ್ಯಮ ವರ್ಗದ ಮಕ್ಕಳು ದೇಶದಲ್ಲಿ ಎಷ್ಟಿಲ್ಲ! ಇದನ್ನು ಅಲ್ಲಗಳೆಯಲು ನನ್ನಿಂದ ಆಗದು. ಈಗ ಅವಳು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಅವಳ ಸಂಬಳ ಬರುವುದು, ಎಲ್ಲೋ ಯಾರೋ ತಂತ್ರಾಂಶಕ್ಕೆ ದುಡ್ಡು ಕೊಟ್ಟದ್ದರಿಂದ.

ಕಾನೂನು ಏನು ಹೇಳುತ್ತದೆ ಅಂತಲೂ ನೋಡಿದೆ. 1957ರ ಹಕ್ಕುಸ್ವಾಮ್ಯ ಕಾಯಿದೆಗೆ 1994ರ ತಿದ್ದುಪಡಿಯಲ್ಲಿ 63ಬಿ ಎಂಬ ಕಲಂ ಸೇರಿಸಿದ್ದಾರೆ. ಕಳ್ಳಪ್ರತಿ ಅಂತ ಗೊತ್ತಿದ್ದೂ ಕಂಪ್ಯೂಟರ್ ಪ್ರೋಗ್ರಾಂ ಬಳಸಿದರೆ ಏಳು ದಿನದಿಂದ ಮೂರು ವರ್ಷದ ತನಕ ಸೆರೆ, 50,000ದಿಂದ ಎರಡು ಲಕ್ಷದ ತನಕ ದಂಡ. ಲಾಭಕ್ಕಾಗಿ ಬಳಸಿಲ್ಲವಾದರೆ ನ್ಯಾಯಾಲಯ ಸೆರೆ ಬಿಟ್ಟು 50,000ದ ಒಳಗಿನ ದಂಡ ಹಾಕಬಹುದು. ನಾನು ವರದಿ ಟೈಪು ಮಾಡುವಾಗ ಈ ಕಲಂ ಜಾರಿಯಲ್ಲೇ ಇತ್ತು. ಗುಮಾಸ್ತರಿಗೂ ನನಗೂ ಇದ್ದ ದೊಡ್ಡ ವ್ಯತ್ಯಾಸ ಇಷ್ಟೇ ಅಂತ ಕಾಣುತ್ತದೆ: ಅವರ ಬಿಲ್ಲು ನೋಡಲು ಒಬ್ಬ ಅಧಿಕಾರಿ ಇದ್ದ, ನನ್ನ ಬಿಲ್ಲು ನೋಡಲು ಯಾರೂ ಇರಲಿಲ್ಲ.

ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು, ಒಂದು ರೀತಿಯಲ್ಲಿ ನಮ್ಮ ಕಸುಬಿನವರೇ. ಮಾಡಬಾರದ್ದರ ಪಟ್ಟಿ ಹೇಳುವ ಅವರ ಪ್ರಸಿದ್ಧ ವಚನ ಚಿಕ್ಕಂದಿನಿಂದ ಬಾಯಿಪಾಠ. ಅದರಲ್ಲಿ ಕೊಲೆಗಿಂತ ಮೊದಲು ಕಳವು ಬರುತ್ತದೆ ಅನ್ನುವುದು ನನ್ನ ಲಕ್ಷ್ಯಕ್ಕೆ ಬಂದದ್ದು ಈಚೆಗೆ. ಕೊಲೆ ಮಾಡುವವರು ಸಾವಿರಕ್ಕೊಬ್ಬರೂ ಇರಲಾರರು. ಕಳವು ಹಾಗಲ್ಲ, ಅದು ಮರ್ಯಾದಸ್ಥರ ಮನೆಯೊಳಗೂ ಕಾಲು ಮಡಚಿ ಕೂರುತ್ತದೆ. ಭಂಡಾರದ ಕೀಲಿ ಹಿಡಿದವರಿಗೆ ಅದು ಗೊತ್ತಿತ್ತೋ ಏನೋ.

'ಆಗ ಬೇರೆ ದಾರಿ ಇರಲಿಲ್ಲ' ಅಂತ ಹೇಳಿಕೊಳ್ಳುವ ಹಾಗೂ ಇಲ್ಲ. ಫಿನ್‌ಲೆಂಡಿನ ಲೈನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಲಿನಕ್ಸ್ ಶುರು ಮಾಡಿದ್ದು 1991ರಲ್ಲಿ. ಅದನ್ನು ಯಾರು ಬೇಕಾದರೂ ನ್ಯಾಯವಾಗಿ ಉಚಿತವಾಗಿ ಬಳಸಬಹುದಿತ್ತು. ಇದೇ ಹೈದರಾಬಾದಿನಲ್ಲಿ 'ಸ್ವೇಚ್ಛ' ಎಂಬ ಗುಂಪಿನವರು ಅದನ್ನು ತೆಲುಗಿನಲ್ಲಿ ಕೊಡುವ ಕೆಲಸಕ್ಕೆ ಇಳಿದರು. ನನಗೆ ಲಿನಕ್ಸಿನ ವಿಷಯ ತಿಳಿದಿರಲಿಲ್ಲ ಅಂತಲ್ಲ. ಕಷ್ಟ, ಯಾರು ಕಲಿಯುತ್ತಾರೆ ಅಂತ ಬಿಟ್ಟೆ. ಅಂದರೆ ನಾನು ಕದ್ದದ್ದು ಬಡತನಕ್ಕಲ್ಲ, ಅ‍ನುಕೂಲಕ್ಕೆ. 2014ರಲ್ಲಿ ಲ್ಯಾಪ್‌ಟಾಪ್ ಕೊಂಡಾಗ ಅದರ ಜೊತೆಗೇ ಅಸಲಿ ವಿಂಡೋಸ್ ಬಂತು, ಅವತ್ತಿನಿಂದ ಪ್ರಾಮಾಣಿಕನಾದೆ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

ಅಟ್ಟ ತೆರವು ಮಾಡಿದ ವಾರವೇ, 2025ರ ಅಕ್ಟೋಬರ್ 14ಕ್ಕೆ, ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ನನ್ನ ಲ್ಯಾಪ್‌ಟಾಪು ವಿಂಡೋಸ್ 11ಕ್ಕೆ ಬೇಕಾದ ಲಕ್ಷಣಗಳಿಲ್ಲದ ಹಳೆಯ ಪೈಕಿ. ಹೊಸದು ಕೊಡಿಸುತ್ತೇನೆ ಅಂದಳು ಮಗಳು. ಕೈ ತುರಿಸಿತು, ಸುಳ್ಳೇಕೆ ಹೇಳಲಿ. ಆದರೂ ಹಬ್ಬದ ರಜೆಯಲ್ಲಿ ಅವಳನ್ನೇ ಕೂರಿಸಿಕೊಂಡು ಅದಕ್ಕೆ ಲಿನಕ್ಸ್ ಹಾಕಿದೆ. ಇಪ್ಪತ್ತೈದು ವರ್ಷದ ಹಿಂದೆ ಯಾವುದನ್ನು ಕಷ್ಟ ಅಂತ ಬಿಟ್ಟೆನೋ ಅದು ಒಂದು ಮಧ್ಯಾಹ್ನದ ಕೆಲಸವಾಗಿತ್ತು. ಕನ್ನಡವೂ ಚೆನ್ನಾಗಿ ಮೂಡುತ್ತದೆ, ಈ ಲೇಖನ ಅದರಲ್ಲೇ ಬರೆದದ್ದು. ಇದರ ಬಿಲ್ಲೂ ಸೊನ್ನೆಯೇ. ಆದರೆ ಕೊಟ್ಟವರಿದ್ದಾರೆ ಅಂತ ಗೊತ್ತಿರುವ ಸೊನ್ನೆ. ವರ್ಷಕ್ಕೊಮ್ಮೆ ನನ್ನ ಕೈಲಾದಷ್ಟು ಅವರಿಗೆ ಕಳಿಸಬೇಕು ಅಂದುಕೊಂಡಿದ್ದೇನೆ. ಸಾಲ ಅಂತಲ್ಲ. ಊಟ ಹಾಕಿದ ಮನೆಗೆ ಬರಿಗೈಲಿ ಮತ್ತೆ ಮತ್ತೆ ಹೋಗಬಾರದು ಅಂತ.

ಆ ಗುಮಾಸ್ತರೂ ಈಗ ನಿವೃತ್ತರಾಗಿರಬೇಕು. ಹುಡುಕಿಕೊಂಡು ಹೋಗಿ ಎಲ್ಲ ಹೇಳಿಬಿಡಲೇ ಅಂತ ಒಂದೆರಡು ಸಲ ಅನಿಸಿತು. ಹೇಳಿದರೆ ನನ್ನ ಮನಸ್ಸು ಹಗುರಾದೀತು, ಅವರ ಪಿಂಚಣಿ ಹೆಚ್ಚಾಗದು. ವರದಿಯಲ್ಲಿ ನಾನು ಬರೆದದ್ದು ಸುಳ್ಳೂ ಅಲ್ಲ. ಇವತ್ತು ಬರೆದರೂ ತಪ್ಪನ್ನು ತಪ್ಪು ಅಂತಲೇ ಬರೆಯಬೇಕಾಗುತ್ತದೆ. ಆದರೆ ಆ ವಾಕ್ಯವನ್ನು ಎರಡನೆಯ ಸಲ ಓದಿಕೊಂಡು ಖುಷಿಪಡುತ್ತಿರಲಿಲ್ಲ. ಇಪ್ಪತ್ತು ವರ್ಷದ ಶುದ್ಧ ಕ್ಯಾಶಿನ ಬಗ್ಗೆ ಒಂದು ಸಾಲು ಸೇರಿಸುತ್ತಿದ್ದೆ. ಅದನ್ನು ನಾನು ಸೇರಿಸಿರಲಿಲ್ಲ. ಸೀಡಿಗಳನ್ನೆಲ್ಲ ಇ-ಕಸದವರಿಗೆ ಕೊಟ್ಟೆ, ಫ್ಲಾಪಿ ಕೊಡಲು ಮನಸ್ಸಾಗಲಿಲ್ಲ. ಅದನ್ನು ಓದುವ ಯಂತ್ರ ಮನೆಯಲ್ಲಿ ಈಗ ಇಲ್ಲ, ಓದುವ ಅಗತ್ಯವೂ ಇಲ್ಲ.

ಹಳೆಯ ಕಥೆ ಹೇಳಿಕೊಂಡು ಕೈ ತೊಳೆಯುವುದು ಸುಲಭ, ಈಗಿನದನ್ನೂ ಹೇಳಬೇಕು. ಇಲ್ಲಿಯ ಕನ್ನಡಿಗರದ್ದೇ ಒಂದು ವಾಟ್ಸಾಪ್ ಗುಂಪಿದೆ. ಹಬ್ಬದ ಶುಭಾಶಯ, ಸೊಸೆಗೆ ವರ, ಬಾಡಿಗೆ ಮನೆ ಎಲ್ಲದರ ನಡುವೆ ವಾರಕ್ಕೊಂದು ಕನ್ನಡ ಪುಸ್ತಕದ ಪಿಡಿಎಫ್ ಬಂದು ಬೀಳುತ್ತದೆ. ಹಳೆಯ ಪುಸ್ತಕವಾದರೆ ಸರಿ. ಲೇಖಕರು ತೀರಿಕೊಂಡು ಅರವತ್ತು ವರ್ಷ ದಾಟಿದರೆ ಹಕ್ಕು ಮುಗಿಯುತ್ತದೆ. ಮುದ್ದಣ, ಪಂಜೆ, ಬಿ.ಎಂ.ಶ್ರೀ. ಎಲ್ಲರದ್ದೂ ಈಗ ನಮ್ಮೆಲ್ಲರದ್ದು. ಉಸ್ಮಾನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದ ಮೊಹರಿರುವ ಎಷ್ಟೋ ಹಳೆಯ ಕನ್ನಡ ಪುಸ್ತಕಗಳು ಸ್ಕ್ಯಾನ್ ಆಗಿ ಲೋಕಕ್ಕೆಲ್ಲ ಸಿಗುತ್ತವೆ. ಅಂಥದ್ದು ಕಂಡಾಗ ನಮ್ಮೂರಿನ ಮೊಹರು ಅಂತ ನನಗೊಂದು ಹೆಮ್ಮೆ. ನಿರಂಜನರ ಐವತ್ತಕ್ಕೂ ಹೆಚ್ಚು ಕೃತಿಗಳನ್ನು 2014ರಲ್ಲಿ ಅವರ ಮನೆಯವರೇ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಅದು ಕೊಟ್ಟ ಸೊನ್ನೆ.

ಆದರೆ ಗುಂಪಿಗೆ ಬರುವುದರಲ್ಲಿ ಹೋದ ವರ್ಷ ಅಚ್ಚಾದ ಕಾದಂಬರಿಯೂ ಇರುತ್ತದೆ. ಸಾವಿರ ಪ್ರತಿ ಅಚ್ಚು ಹಾಕಿ, ಅದು ಮುಗಿದರೆ ಸಂತೋಷಪಡುವ ಭಾಷೆ ನಮ್ಮದು. ಇನ್ನೂರು ರೂಪಾಯಿಯ ಪುಸ್ತಕಕ್ಕೆ ಶೇಕಡಾ ಹತ್ತು ಗೌರವಧನ ಅಂದರೂ ಬರೆದವರಿಗೆ ಇಪ್ಪತ್ತು ರೂಪಾಯಿ. ಅದನ್ನು ಇನ್ನೂರು ಜನರ ಗುಂಪಿಗೆ ಒಂದು ಬೆರಳಲ್ಲಿ ದಾಟಿಸುತ್ತೇವೆ. ಇಲ್ಲಿ 'ಕಂಪನಿ ಶ್ರೀಮಂತ' ಅನ್ನುವ ವಾದವೂ ಇಲ್ಲ. ಅದಕ್ಕೆ ನಮ್ಮದು ಬೇರೆ ವಾದ: ಪರಊರಿನಲ್ಲಿದ್ದೇವೆ, ಇಲ್ಲಿ ಕನ್ನಡ ಪುಸ್ತಕ ಸಿಗುವುದಿಲ್ಲ, ಭಾಷೆಯ ಮೇಲಿನ ಪ್ರೀತಿಗೆ ಓದುತ್ತೇವೆ. ಊರಲ್ಲಿರುವ ನಿಮಗೆ ಈ ಮಾತು ಕೇಳಿ ಮನಸ್ಸು ಕರಗೀತು, ಕರಗಬೇಡಿ. ಪ್ರೀತಿ ಅಂತ ಹೇಳಿ ಪ್ರೀತಿಸಿದವರ ಜೇಬಿಗೇ ಕೈ ಹಾಕುವುದು ಇದು. ಒಮ್ಮೆ ಗುಂಪಿನಲ್ಲಿ ಹಾಗೆ ಬರೆದೆ. "ಸಾಹೇಬ್ರು ರಿಟೈರ್ ಆದ್ರೂ ಇನ್‌ಸ್ಪೆಕ್ಷನ್ ಬಿಟ್ಟಿಲ್ಲ" ಅಂತ ಉತ್ತರ ಬಂತು, ಕೆಳಗೆ ಹತ್ತು ಜನರ ನಗು. ನಾನೂ ನಕ್ಕೆ. ಅವರಿಗೆ ಫ್ಲಾಪಿಯ ವಿಷಯ ಗೊತ್ತಿದ್ದರೆ ಇನ್ನೂ ನಗುತ್ತಿದ್ದರು.

ಮೊನ್ನೆ ಅದೇ ಗುಂಪಿಗೆ, ನಾನು ಬಹಳ ದಿನದಿಂದ ಓದಬೇಕು ಅಂದುಕೊಂಡಿದ್ದ ಒಂದು ಹೊಸ ಕಾದಂಬರಿಯ ಪಿಡಿಎಫ್ ಬಂತು. ಅಳಿಸಿದೆ. ಬೆಂಗಳೂರಿನಿಂದ ಪುಸ್ತಕ ತರಿಸಿಕೊಂಡೆ, ಅಂಚೆ ಖರ್ಚು ಸೇರಿ ಮುನ್ನೂರು ರೂಪಾಯಿ ಹತ್ತಿರ ಆಯಿತು, ಬರಲು ಎಂಟು ದಿನ ಹಿಡಿಯಿತು. ಮೇಜಿನ ಮೇಲಿಟ್ಟ ಪುಸ್ತಕ ನೋಡಿ ಹೆಂಡತಿ, "ನಿಮ್ಮ ಲೆಕ್ಕ ಸರಿಹೋಯ್ತಲ್ಲ" ಅಂದಳು. ಪೂರ್ತಿ ಸರಿಹೋಗಿಲ್ಲ. ಅಳಿಸುವ ಮುಂಚೆ ಹನ್ನೆರಡು ಪುಟ ಓದಿಬಿಟ್ಟಿದ್ದೆ.